ಬೇಲಿಯ ಬುಡ

ಹಿತ್ತಲ ಅಳತಿ ಹನ್ನೊಂದು ಮಾರು, ಮ್ಯಾಲ ಒಂದು ಗೇಣು.
ಆ ಗೇಣಿನ ಸಲುವಾಗಿ
ಆಚಿ ಮನಿ ಬಂಗಾರೆವ್ವ ಮಾತು ಬಿಟ್ಟು ಮೂರು ವಾರ.

ತಂತಿ ಬಂದಿತ್ತು, ಹುನಗುಂದದಿಂದ, ಟಂಟಂ ಟಾಪಿನ ಮ್ಯಾಲ.
ಜಾಲಿ ಗೂಟ ಬಂದಿದ್ದವು, ಸಿಬಿರು ಸಹಿತ.
ಉಳಿದದ್ದು ಬುಡ.
"ಮ್ಯಾಲಿಂದು ಮಂದಿಗೆ, ಬುಡ ಹೆಗ್ಗಣಕ್ಕ" ಅಂದ
ಲಾಡ್ಲೇಸಾಬ ಗೌಂಡಿ, ಎಲಿಅಡಿಕಿ ಒಂದು ದವಡಿಗೆ ಸರಿಸಿ.

ಗೂಟಕ್ಕ ಡಾಂಬರ ಬಳಿದರ ಎರಡು ಮಳಿಗಾಲ,
ಮೂರನೇದು ಒರಲಿಗೆ ಹಬ್ಬ.
ಗುಳೇದಗುಡ್ಡದ ಕಲ್ಲು ಮುಟ್ಟಿ ನೋಡಿದೆ,
ಬೆರಳಿಗೆ ಕುಂಕುಮದಂಗ ಪುಡಿ.
ಶಾಬಾದಿ ಫರಸಿ ಮಲಗಿದಷ್ಟು ದಿನ ಗಟ್ಟಿ,
ನಿಲ್ಲಿಸಿದರ ಪದರು ಬಿಡತೈತಿ.
ಸಿಮೆಂಟ್ ಇಟ್ಟಂಗಿಗೆ ಹೊಟ್ಟಿ ಟೊಳ್ಳು,
ಇಲಿಗೋಳಿಗೆ ಬಾಡಿಗಿ ಮನಿ ಕಟ್ಟಿಕೊಟ್ಟಂಗ.

ಕಡೀಕ ಇಳಕಲ್ಲಿನ ಪಾಲಿಶ್ ಫ್ಯಾಕ್ಟರಿ ಹಿಂದ ಹೋಗಿ ನಿಂತೆ.
ಒಗದ ತುಂಡಿನ ರಾಶಿ, ನಸುಗೆಂಪು.
ಒಂದು ಮಗ್ಗಲು ಕನ್ನಡಿ, ಇನ್ನೊಂದು ಮಗ್ಗಲು ಇನ್ನೂ ಗುಡ್ಡ.
"ಟ್ರ್ಯಾಲಿ ಲೆಕ್ಕ ಅಕ್ಕಾರ, ಆರಿಸೂಹಂಗಿಲ್ಲ" ಅಂದ ವಾಚಮನ್.
ನಾನು ಆರಿಸಿದೆ. ಅವ ಬೀಡಿ ಹಚ್ಚಿ ಆ ಕಡೆ ಮಾರಿ ಮಾಡಿದ.

"ಸಿಮೆಂಟ್ ಹಾಕಿ ಬಿಗಿದುಬಿಡು" ಅಂದೆ.
ಲಾಡ್ಲೇಸಾಬ ಒಂದು ಹೆಂಟಿ ಎತ್ತಿ
ಚಾದ ಬಟ್ಟಲದಾಗ ಹಾಕಿ ನೀರು ಸುರುವಿದ.
ಕುಂತು ನೋಡಿದ್ವಿ, ಇಬ್ಬರೂ.
ಬಟ್ಟಲ ತುಂಬಿ ಅಂಚಿಗೆ ಬಂತು ಮಣ್ಣು.

"ಇದು ಎರಿ. ಕುಡಿದರ ಉಬ್ಬತೈತಿ, ಉಪಾಸ ಬಿದ್ದರ ಬಿರೀತೈತಿ.
ಬೇಲಿ ಎದ್ದು ಹೊಲ ಮೇಯೂದು ಗಾದಿ ಮಾತು,
ಇಲ್ಲಿ ಹೊಲಾನ ಎದ್ದು ಬೇಲಿ ಮೇಯತೈತಿ.
ಬಿಗಿದದ್ದು ಸೀಳತೈತಿ. ಸಡಲ ಇಟ್ಟದ್ದು ವಾಲತೈತಿ.
ಯಾವದು ಬೇಕು, ಅದಷ್ಟ ಹೇಳ್ರಿ."

ಇಪ್ಪತ್ತಾರು ವರ್ಷ ಸರ್ವೇ ಆಫೀಸಿನ್ಯಾಗ
ಗಡಿಕಲ್ಲಿನ ವಹಿ ಬರದಾಕಿ ನಾನು.
ಕಲ್ಲು ಇತ್ತು, ಇಲ್ಲ, ಕಿತ್ತೈತಿ, ಸರಿದೈತಿ:
ಸರಿದೈತಿ ಅಂತ ಬರದಾಗೆಲ್ಲಾ
ಯಾರೋ ರಾತ್ರಿ ಹಾರಿ ಹಿಡಿದು ಬಂದಾರ ಅಂತ ತಿಳಿದಿದ್ದೆ.

ಸಡಲ ಇಡು, ಅಂದೆ.

ಮಣಕಾಲುದ್ದ ತಗ್ಗು. ತಳಕ್ಕ ಗರಸು,
ನೀರು ಹೊಡದು, ತುಳದು, ಮತ್ತ ಗರಸು.
ಮ್ಯಾಲ ಗ್ರಾನೈಟ್ ತುಂಡು, ಹಲ್ಲಿಗೆ ಹಲ್ಲು ಕೂಡಿಸಿ.
"ಕನ್ನಡಿ ಮಗ್ಗಲು ಯಾ ಕಡೆ?"
ನಾನು ಬಾಯಿ ತೆರೆಯೂದರಾಗ ಆಚಿಂದ ಬಂತು ದನಿ:
"ನಮ್ಮ ಕಡೆ ಇಡಸು ದಾನಮ್ಮಾ,
ನಮ್ಮ ಕೋಳಿ ಒಂದೂ ತನ್ನ ಮಾರಿ ನೋಡಿಕೊಂಡಿಲ್ಲ."

ಮೂರು ವಾರದ ಮ್ಯಾಲಿನ ಮೊದಲ ಮಾತು, ಅದೂ ಕೋಳೀದು.

ಮೂಲಿಗೆ ಒಂದು ಕಲ್ಲು ಕಡಿಮಿ ಬಿತ್ತು.
ಆಕಿ ಉಳ್ಳಿಸಿಕೊಂಡು ಬಂದಳು ಒಂದು, ಉದ್ದಂದು, ಕರೇದು,
ಅತ್ತಿ ಕುಂತು ಕುಂತು ನಡುವ ತಗ್ಗು ಬಿದ್ದದ್ದು.
"ಮಗ್ಗದ ಕುಣಿ ಅಂಚಿಂದು. ಕುಣಿ ಮುಚ್ಚಿಸಿದ್ವಿ,
ಅಲ್ಲೀಗ ಫ್ರಿಜ್ ನಿಂತೈತಿ."
ಲಾಡ್ಲೇಸಾಬ ಬಡದು ನೋಡಿದ. ಕಿವಿ ಕೊಟ್ಟ.
ಏನೂ ಅನಲಿಲ್ಲ, ಇಟ್ಟ.

ಮಿರಗದ ಮಳಿ ಎರಡು ದಿನ ಹಿಡೀತು.
ಮೂರನೇ ಮುಂಜಾನೆ ಟೇಪ್ ಹಿಡಿದು ಹೋದೆ, ಹಳೇ ಚಟ.
ವಾಲಿತ್ತು. ಗೇಣಿಗೆ ಎರಡು ಬೆರಳು ಕಡಿಮಿ.
ಯಾವ ಕಡೆ ಅಂತ ಕೇಳಬ್ಯಾಡ್ರಿ,
ನಾ ಎಲ್ಲೂ ಬರದಿಟ್ಟಿಲ್ಲ.
ಬಂಗಾರೆವ್ವನ ಕೆಂಪು ಹುಂಜ ಮಾತ್ರ ಈಗ
ತನ್ನ ಮಾರಿ ನೋಡಾಕ
ಕುತ್ತಿಗಿ ಚೂರು ವಾರಿ ಮಾಡತೈತಿ.